ಉಸಲಿಯಾದ ತೀರ್ಪು

ಕಡಲೆಕಾಳು ನೆನೆಸಿಟ್ಟ ಪಾತ್ರೆಯ ಮುಚ್ಚಳ ತೆಗೆದಾಗ ಒಂದು ಹಸಿ ವಾಸನೆ ಬರುತ್ತದಲ್ಲ, ಅದನ್ನು ಯಾರಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಹೊಗಳುವಂಥದ್ದೂ ಅಲ್ಲ. ಆದರೆ ಹೋದ ತಿಂಗಳು, ವರ್ಜೀನಿಯಾದ ಆಲ್ಡಿಯಲ್ಲಿ ನಮ್ಮ ಹೊಸ ಮನೆಯ ಒಕ್ಕಲಿನ ದಿನ, ಪುರೋಹಿತರು ಬರುವ ಮೊದಲು ಆ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟೆ. ಕಪ್ಪು ಕಡಲೆ, ಬಿಳಿ ಕಾಬೂಲಿ ಕಡಲೆ, ಎರಡನ್ನೂ ಒಂದೇ ಪಾತ್ರೆಗೆ ಹಾಕಿ ನೆನೆಸಿದ್ದೆ. ಯಾಕೆ ಎರಡೂ ಎಂದು ನನ್ನ ಗಂಡ ರವಿ ಕೇಳಲಿಲ್ಲ. ಮಾರಿಸ್‌ವಿಲ್‌ನ ಆ ವಸಂತ ಕಳೆದ ಮೇಲೆ ನಮ್ಮ ಮನೆಯಲ್ಲಿ ಉಸಲಿ ಅಂದರೆ ಎರಡು ಬಣ್ಣದ ಕಾಳೇ.

೨೦೨೩ರ ಮಾತು. ಮಾರಿಸ್‌ವಿಲ್ ಇರುವ ನಾರ್ತ್ ಕ್ಯಾರೊಲಿನಾದಲ್ಲಿ ಯುಗಾದಿಯ ಹೊತ್ತಿಗೆ ಪೈನ್ ಮರಗಳು ಪರಾಗ ಉದುರಿಸುತ್ತವೆ. ಕಾರು, ಮೆಟ್ಟಿಲು, ಮೇಲ್‌ಬಾಕ್ಸು, ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗೆ ಹಳದಿ ಪುಡಿ. ಊರೆಲ್ಲ ಸೀನುತ್ತದೆ. ಅದರ ನಡುವೆಯೇ ಮೈದಾನದಲ್ಲಿ ನಮ್ಮ ಹುಡುಗರು ಕ್ರಿಕೆಟ್ ಆಡುತ್ತಾರೆ, ಏರ್‌ಪೋರ್ಟು ಪಕ್ಕದಲ್ಲೇ ಇರುವುದರಿಂದ ವಿಮಾನಗಳು ತಲೆ ಸವರಿಕೊಂಡು ಇಳಿಯುತ್ತವೆ. ಅಷ್ಟು ವರ್ಷ ಅಲ್ಲಿದ್ದರೂ ಆ ವಿಮಾನಗಳ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ವರ್ಷ ಒಂದೊಂದೂ ಕೇಳಿಸಿತು. ಮಾರ್ಚ್ ತಿಂಗಳಲ್ಲಿ ನನ್ನ ಕೆಲಸ ಹೋಗಿತ್ತು.

ನಮ್ಮದು ಕೆಲಸದ ವೀಸಾ. ಕೆಲಸ ಹೋದರೆ ಎರಡು ತಿಂಗಳ ಗಡುವು. ಅಷ್ಟರೊಳಗೆ ಇನ್ನೊಂದು ಕಂಪನಿ ಸ್ಪಾನ್ಸರ್ ಮಾಡದಿದ್ದರೆ ಗಂಟುಮೂಟೆ ಕಟ್ಟಬೇಕು. ರವಿಯ ವೀಸಾ ನನ್ನದಕ್ಕೆ ಅಂಟಿಕೊಂಡದ್ದು. ಮಗಳು ಇಂಚರ ಆಗ ಹನ್ನೊಂದರ ಹುಡುಗಿ, ಅಲ್ಲೇ ಹುಟ್ಟಿದವಳು, ಮನೆಯಲ್ಲಿ ಅವಳೊಬ್ಬಳೇ ಅಮೆರಿಕದ ಪ್ರಜೆ. ಅದನ್ನು ನಮಗೆ ಜ್ಞಾಪಿಸಲು ಅವಳು ಮರೆಯುತ್ತಿರಲಿಲ್ಲ. ಪಾತ್ರೆ ತೊಳಿ ಅಂದರೆ "ಐ ಆಮ್ ಎ ಸಿಟಿಜನ್, ಅಮ್ಮ" ಅನ್ನುವಳು.

ಕೆಲಸ ಹೋದ ಮರುದಿನ ನಾನು ಡಾಕ್ಟರ್ ಅಂಕಲ್ ಮನೆಗೆ ಹೋದದ್ದು ನಾಟಕದಿಂದ ಹಿಂದೆ ಸರಿಯುತ್ತೇನೆ ಎಂದು ಹೇಳಲಿಕ್ಕೆ. ಅಂಕಲ್ ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದ ಹೃದಯದ ಡಾಕ್ಟರು. ನಿವೃತ್ತರಾದ ಮೇಲೆ ಅವರಿಗೆ ಹಿಡಿದದ್ದು ಗ್ರೀಕ್ ತತ್ವಶಾಸ್ತ್ರದ ಹುಚ್ಚು. ಸುಮ್ಮನೆ ಓದಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಸಿಕ್ಕವರನ್ನೆಲ್ಲ ಕೂರಿಸಿ "ನ್ಯಾಯ ಅಂದ್ರೆ ಏನಪ್ಪಾ?" ಎಂದು ಕೇಳುತ್ತಿದ್ದರು. ಹಬ್ಬ ಕಳೆದು ಏಪ್ರಿಲಿನಲ್ಲಿ ನಡೆಯುವ ಯುಗಾದಿ ಕಾರ್ಯಕ್ರಮಕ್ಕೆ ಪ್ರತಿವರ್ಷದ ಹಾಸ್ಯ ನಾಟಕ ಬೇಡ, ಈ ಸಲ ಅಥೆನ್ಸ್‌ನ ಸೆರೆಮನೆಯ ಪ್ರಸಂಗ ಆಡೋಣ ಎಂದು ಹಟ ಹಿಡಿದವರೂ ಅವರೇ.

ಪ್ರಸಂಗ ಕನ್ನಡಿಗರಿಗೆ ಹೊಸದಲ್ಲ. ವಿಷದ ಬಟ್ಟಲು ಅಂದರೆ ಸಾಕು, ಯಾರ ಕತೆ ಎಂದು ಗೊತ್ತಾಗುತ್ತದೆ. ಬೀದಿಬೀದಿಯಲ್ಲಿ ಪ್ರಶ್ನೆ ಕೇಳಿ ಊರಿನವರ ತಲೆ ತಿಂದ ಮುದುಕನಿಗೆ ನ್ಯಾಯಸಭೆ ಮರಣದಂಡನೆ ಕೊಟ್ಟಿದೆ. ಗೆಳೆಯನೊಬ್ಬ ಸೆರೆಮನೆಗೆ ಬಂದು, ಕಾವಲಿನವನ ಕೈ ಬೆಚ್ಚಗೆ ಮಾಡಿದ್ದೇನೆ, ನಡಿ ಓಡಿಹೋಗೋಣ ಅನ್ನುತ್ತಾನೆ. ಮುದುಕ ಒಲ್ಲೆ ಅನ್ನುತ್ತಾನೆ. ಊರಿನ ಕಾನೂನುಗಳೇ ಎದ್ದು ಬಂದು ದಾರಿಗಡ್ಡ ನಿಂತು ಕೇಳಿದರೆ ತಾನು ಏನೆಂದು ಉತ್ತರಿಸಲಿ ಎನ್ನುವುದು ಅವನ ಚಿಂತೆ.

ಮುದುಕ ಸ್ವತಃ ಅಂಕಲ್. ಗೆಳೆಯನ ಪಾತ್ರ ನಮ್ಮ ಪಕ್ಕದ ಟೌನ್‌ಹೌಸಿನ ಗಿರೀಶನಿಗೆ. ಎದ್ದು ಬಂದು ನಿಲ್ಲುವ ಕಾನೂನು ನಾನು.

"ಅಂಕಲ್, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಕೆಲ್ಸ ಹೋಯ್ತು. ನಾಟಕ ಆಡೋ ಮೂಡ್ ಇಲ್ಲ."

ಅಯ್ಯೋ ಪಾಪ ಅನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಮೇಲೇರಿಸಿ, "ನಿನ್ನ ಮಾತು ಬಾಯಿಪಾಠ ಆಗಿದ್ಯಾ? ಒಂದ್ಸಲ ಹೇಳಮ್ಮ ಮೊದ್ಲು" ಅಂದರು.

ಸಿಟ್ಟಿನಿಂದಲೇ ಹೇಳಿದೆ. "ನಮ್ಮ ನೆರಳಲ್ಲಿ ಬೆಳೆದೆ, ಮದುವೆಯಾದೆ, ಮಕ್ಕಳನ್ನು ಸಾಕಿದೆ. ನಾವು ಹಿಡಿಸದಿದ್ದರೆ ಊರಬಾಗಿಲು ತೆರೆದೇ ಇತ್ತು. ನೀನು ಹೋಗಲಿಲ್ಲ. ಉಳಿದದ್ದೇ ನಿನ್ನ ಒಪ್ಪಿಗೆ."

ಹೇಳಿ ಮುಗಿಸಿದ ಮೇಲೆ ಅದೇ ಮಾತು ನನಗೇ ತಿರುಗಿ ಬಂದು ತಾಗಿತು. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಉದ್ಯೋಗ ಹೋಗಿತ್ತು, ಚಾಳಿ ಹೋಗಿರಲಿಲ್ಲ. "ಅಂಕಲ್, ಇದ್ರಲ್ಲಿ ಒಂದು ಬಗ್ ಇದೆ" ಅಂದೆ. "ನಾನೂ ಹನ್ನೆರಡು ವರ್ಷ ಇಲ್ಲೇ ಉಳ್ದೆ. ಟ್ಯಾಕ್ಸ್ ಕಟ್ಟಿದೆ, ಸ್ಟಾಪ್ ಸೈನ್‌ನಲ್ಲಿ ನಿಲ್ಲಿಸ್ದೆ, ಮಗಳನ್ನ ಹೆತ್ತೆ. ನಂದು ಒಪ್ಪಿಗೆನೇ. ಆದ್ರೆ ಊರು ಒಪ್ಪಿದ್ಯಾ? ಒಪ್ಪಂದ ಅಂದ್ಮೇಲೆ ಎರಡೂ ಕಡೆಯವ್ರು ಒಪ್ಬೇಕಲ್ವಾ?"

ಅಂಕಲ್ ಕುರ್ಚಿಯಿಂದ ಎದ್ದೇಬಿಟ್ಟರು. ಎಂಬತ್ತರ ಹತ್ತಿರದ ಮನುಷ್ಯ, ಮಂಡಿ ನೋವಿನವರು, ಎದ್ದು ಕೋಣೆಯಲ್ಲಿ ಸುತ್ತತೊಡಗಿದರು. "ಎಕ್ಸಲೆಂಟ್! ಎಕ್ಸಲೆಂಟ್ ಕ್ವೆಶ್ಚನ್! ಅಥೆನ್ಸಲ್ಲೂ ಇದ್ರು ಶೈಲಾ, ನಿನ್ನಂಥೋರು ಅಲ್ಲೂ ಇದ್ರು! ಮೆಟಿಕ್ ಅಂತ ಕರೀತಿದ್ರು. ಬೇರೆ ಊರಿಂದ ಬಂದೋರು, ಅಲ್ಲೇ ಅಂಗಡಿ, ಅಲ್ಲೇ ಕಸುಬು. ತೆರಿಗೆ ಕಟ್ಬೇಕು, ಯುದ್ಧಕ್ಕೂ ಹೋಗ್ಬೇಕು. ಸಭೆಯಲ್ಲಿ ಮಾತ್ರ ಮತ ಇಲ್ಲ. ಜಮೀನು ತಗೊಳ್ಳೋ ಹಾಗಿಲ್ಲ. ಇನ್ನೊಂದು ಕೇಳು, ಊರಿನ ಪ್ರಜೆ ಒಬ್ಬ ಅವ್ರ ಪರವಾಗಿ ನಿಲ್ಬೇಕು. ಏನು ಹೇಳು ಅದು?"

"ಸ್ಪಾನ್ಸರ್!" ಎಂದು ಕೂಗಿದೆ. ಕೆಲಸ ಹೋದ ದುಃಖದಲ್ಲಿ ಬಂದವಳು ಅವರ ಸೋಫಾದ ಮೇಲೆ ಕೂತು ಚಪ್ಪಾಳೆ ತಟ್ಟಿ ನಗುತ್ತಿದ್ದೆ. ಎರಡು ಸಾವಿರ ಚಿಲ್ಲರೆ ವರ್ಷದ ಹಿಂದಿನ ಯಾವುದೋ ಚಮ್ಮಾರನೋ ಕುಂಬಾರನೋ ನನ್ನ ಪಕ್ಕ ಬಂದು ಕೂತು, ನಿನ್ನ ಕೇಸು ಎಲ್ಲಿಗೆ ಬಂತು ಎಂದು ವಿಚಾರಿಸಿದ ಹಾಗಾಯಿತು. ಆ ಖುಷಿಗೆ ಕಾರಣ ಇವತ್ತಿಗೂ ಸರಿಯಾಗಿ ಹೇಳಲಾರೆ. ನನ್ನ ಸ್ಥಿತಿಗೆ ಒಂದು ಹಳೆಯ ಹೆಸರಿದೆ ಎಂದು ಗೊತ್ತಾದದ್ದೇ ಸಂತೋಷ.

ಹೆಸರೇನೋ ಇತ್ತು, ಕನ್ನಡದಲ್ಲಿ ಏನನ್ನುವುದು? ವಲಸಿಗ ಅಂದರೆ ವಾರ್ತೆ ಓದಿದಂತಾಗುತ್ತದೆ. ಪರದೇಶಿ ಅಂದರೆ ಬೈದಂತಾಗುತ್ತದೆ. ಬಾಡಿಗೆದಾರ ಅಂತ ಅಂಕಲ್ ಅಂದರು, ನನಗೆ ಒಗ್ಗಲಿಲ್ಲ. ಅಡುಗೆಮನೆಯಿಂದ ಅವರ ಹೆಂಡತಿ ಜಯಾ ಆಂಟಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಒಕ್ಕಲು ಅನ್ನಿ. ನಮ್ಮ ತಂದೆ ವಠಾರದಲ್ಲಿ ಐದು ಮನೆಯೋರು ಒಕ್ಕಲಿದ್ರಲ್ಲ. ನಮ್ಮೋರೇ, ಆದ್ರೆ ಮನೆ ಅವರ್ದಲ್ಲ."

ಒಕ್ಕಲು! ಮನೆ ಹೊಕ್ಕರೂ ಒಕ್ಕಲು, ಓಡಿಸಿದರೆ ಒಕ್ಕಲೆಬ್ಬಿಸುವುದು. ಒಂದೇ ಪದದಲ್ಲಿ ಬಾಗಿಲು ತೆರೆಯುವುದೂ ಇದೆ, ಹಾಕುವುದೂ ಇದೆ. ಅಲ್ಲೇ ಕೂತು ನಾಟಕಕ್ಕೆ ಹೊಸ ಪಾತ್ರವೊಂದನ್ನು ಸೇರಿಸಿದೆವು. ಸೆರೆಮನೆಯ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಒಬ್ಬ ಒಕ್ಕಲಿನವನು ಕೊನೆಯಲ್ಲಿ ಕಾನೂನನ್ನು ತಡೆದು ನನ್ನ ಪ್ರಶ್ನೆ ಕೇಳಬೇಕು. ಆ ಪಾತ್ರ ರವಿಗೆ. ಕಾನೂನಿನ ಉತ್ತರ ಏನು ಅಂದರೆ ಅಂಕಲ್ ಕೈಚೆಲ್ಲಿದರು. "ಗ್ರೀಕರು ಬರೆದಿಲ್ಲಮ್ಮ. ಕಾನೂನು ನೀನು, ಉತ್ತರ ನಿಂದೇ."

ಆಮೇಲಿನ ವಾರಗಳು ಹೇಗೆ ಹೋದವು ಎಂದು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಬೆಳಿಗ್ಗೆಯೆಲ್ಲ ಕೆಲಸಕ್ಕೆ ಅಪ್ಲೈ ಮಾಡುವುದು, ಫೋನಿನಲ್ಲಿ ಇಂಟರ್‌ವ್ಯೂ, ಸ್ಪಾನ್ಸರ್ ಬೇಕು ಅಂದಕೂಡಲೇ ಆ ಕಡೆಯ ದನಿ ತಣ್ಣಗಾಗುವುದು. ಸಂಜೆ ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಅಥೆನ್ಸ್. ಅಲ್ಲಿ ನನ್ನಷ್ಟು ಜೋರು ಯಾರೂ ಇರಲಿಲ್ಲ. ನಾಟಕಕ್ಕೆ ಸಂಬಂಧವಿಲ್ಲದವರೂ ಬಂದು ಕೂರತೊಡಗಿದರು. ಅರ್ಧಕ್ಕರ್ಧ ಜನ ನಮ್ಮ ಹಾಗೇ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು. ನ್ಯಾಯ ಅಂದರೆ ಬಲಶಾಲಿಗೆ ಅನುಕೂಲವಾದದ್ದೇ ಎಂದು ಒಬ್ಬರು, ಅಲ್ಲ, ಪರಸ್ಪರ ಕೆಡುಕು ಮಾಡಿಕೊಳ್ಳದಿರಲು ಹೆದರಿದವರೆಲ್ಲ ಸೇರಿ ಮಾಡಿಕೊಂಡ ಏರ್ಪಾಡು ಎಂದು ಇನ್ನೊಬ್ಬರು. ಸಮೋಸ ಆರಿಹೋಗುವಷ್ಟು ಜಗಳ. ಇವೆಲ್ಲವೂ ಆ ಕಾಲದ ಅಥೆನ್ಸ್‌ನವರು ಆಗಲೇ ಆಡಿ ಮುಗಿಸಿದ ಜಗಳ ಎಂದು ಅಂಕಲ್ ಹೇಳಿದಾಗ, ಎಲ್ಲರಿಗೂ ತಾವು ಭಾರೀ ಬುದ್ಧಿವಂತರು ಅನ್ನಿಸಿತು.

ಇಂಥ ಒಂದು ಸಂಜೆ, ಅಭ್ಯಾಸ ಮುಗಿದು ಪಾರ್ಕಿಂಗ್ ಲಾಟ್‌ನಲ್ಲಿ ನಾನು ಗಾಜಿನ ಮೇಲಿನ ಹಳದಿ ಪುಡಿ ಒರೆಸುತ್ತಿದ್ದಾಗ ಗಿರೀಶ ಹತ್ತಿರ ಬಂದ. ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಎಲ್ಲಾ ಮಾತಾಡಿದ್ದೀನಿ. ಬಾಗಿಲು ತೆಗ್ದಿರತ್ತೆ. ನೀವು ಹೂಂ ಅಂದ್ರೆ ಸಾಕು."

"ಗಿರೀಶ್, ಅದನ್ನ ನಂಗಲ್ಲ ಹೇಳ್ಬೇಕಾಗಿರೋದು, ಅಂಕಲ್‌ಗೆ. ಸ್ವಲ್ಪ ಜೋರಾಗಿ ಹೇಳಿ, ಕೊನೇ ಸಾಲಿಗೆ ಕೇಳ್ಸಲ್ಲ."

"ಡೈಲಾಗ್ ಅಲ್ಲ ಶೈಲಾ! ನಿಜವಾಗ್ಲೂ ಹೇಳ್ತಿದ್ದೀನಿ."

ಅವನ ಭಾವಮೈದುನನಿಗೆ ಪರಿಚಯದ ಯಾವುದೋ ಕನ್ಸಲ್ಟೆನ್ಸಿಯಂತೆ. ನನ್ನನ್ನು ನೌಕರಿಯಲ್ಲಿ ತೋರಿಸುತ್ತಾರೆ. ಕೆಲಸವಿಲ್ಲ, ಪ್ರಾಜೆಕ್ಟ್ ಇಲ್ಲ, ಕಾಗದದ ಮೇಲೆ ಎಲ್ಲ ಇದೆ. ಗಡುವು ದಾಟುತ್ತದೆ, ಆಮೇಲೆ ನಿಜವಾದ ಕೆಲಸ ಸಿಕ್ಕಾಗ ಅತ್ತ ಹಾರಿಕೊಳ್ಳುವುದು. "ಎಷ್ಟೊಂದು ಜನ ಮಾಡ್ತಾರೆ. ಇಂಚರನ ಸ್ಕೂಲು, ಅವಳ ಫ್ರೆಂಡ್ಸು, ಎಲ್ಲಾ ಬಿಟ್ಟು ಹೋಗ್ತೀರಾ?" ಅನ್ನುವಾಗ ಅವನ ಕಣ್ಣು ಒದ್ದೆಯಾಗಿತ್ತು, ಪರಾಗಕ್ಕೋ ನಮಗೋ ಗೊತ್ತಿಲ್ಲ. ಗಿರೀಶ ಕೆಟ್ಟವನಲ್ಲ. ಆ ಕತೆಯ ಗೆಳೆಯನೂ ಕೆಟ್ಟವನಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನಾಟಕದ ದಿನ ಹೇಳುತ್ತೇನೆ ಅಂದೆ.

ಮನೆಗೆ ಬಂದು ರವಿಗೆ ಹೇಳಿದೆ. "ಆ ಮುದುಕಪ್ಪಂಗೆ ಸುಲಭ" ಅಂದ. "ಕಾನೂನಿಗೆ ತಲೆಬಾಗಿ ತನ್ನ ಊರಲ್ಲೇ ಉಳ್ಕೊಂಡ. ನೀನು ತಲೆಬಾಗಿದ್ರೆ ಊರು ಬಿಡ್ಬೇಕು." ಅದು ನನಗೆ ಹೊಳೆದೇ ಇರಲಿಲ್ಲ. ಎಲ್ಲ ತಲೆಕೆಳಗು! ಅವನು ಓಡಿಹೋದರೆ ತಪ್ಪು, ನಾನು ಓಡಿಹೋಗದಿದ್ದರೆ ತಪ್ಪು. ಮೆಟ್ಟಿಲ ಮೇಲೆ ಇಂಚರ ಪೈಜಾಮದಲ್ಲಿ ಕೂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. "ಆರ್ ವೀ ಗೋಯಿಂಗ್?" ಎಂದಳು. ಇನ್ನೂ ಗೊತ್ತಿಲ್ಲ ಪುಟ್ಟ ಅಂದೆ.

ನಾಟಕದ ಕೊನೆಗೆ ಪ್ರೇಕ್ಷಕರಿಂದ ಮತ ಹಾಕಿಸಬೇಕು ಎಂಬುದು ಅಂಕಲ್ ಯೋಜನೆ. ಮುದುಕ ಓಡಲಿ ಎಂದೋ, ಉಳಿಯಲಿ ಎಂದೋ. ಅಥೆನ್ಸ್‌ನ ನ್ಯಾಯಸಭೆಯಲ್ಲಿ ಒಬ್ಬೊಬ್ಬರಿಗೂ ಎರಡೆರಡು ಬಿಲ್ಲೆ ಕೊಡುತ್ತಿದ್ದರಂತೆ. ಒಂದನ್ನು ಎಣಿಕೆಯ ಪಾತ್ರೆಗೆ, ಬೇಡವಾದದ್ದನ್ನು ಇನ್ನೊಂದು ಪಾತ್ರೆಗೆ ಹಾಕಬೇಕು. ಕೈ ಮುಚ್ಚಿ ಹಾಕಿದರೆ ಯಾರು ಯಾವುದಕ್ಕೆ ಹಾಕಿದರೆಂದು ಗೊತ್ತಾಗುವುದಿಲ್ಲ. ನಾವು ಬಿಲ್ಲೆಯ ಬದಲು ಒಬ್ಬೊಬ್ಬರಿಗೂ ಒಂದು ಕಪ್ಪು, ಒಂದು ಬಿಳಿ ಕಡಲೆ ಅಂದುಕೊಂಡೆವು. ಕಪ್ಪು ಅಂದರೆ ಓಡಲಿ, ಬಿಳಿ ಅಂದರೆ ಉಳಿಯಲಿ. ಎರಡು ಚೀಲ ಕಡಲೆಯನ್ನು ಹಿಂದಿನ ದಿನ ಜಯಾ ಆಂಟಿಯ ಕೈಗೆ ಕೊಟ್ಟು, ನಾಳೆ ತನ್ನಿ ಆಂಟಿ, ನಾಟಕಕ್ಕೆ ಬೇಕು ಅಂದೆ.

ಮರುದಿನ ಆಂಟಿ ತಂದದ್ದು ಎರಡು ಡಬರಿ ತುಂಬ ನೆನೆದು ಉಬ್ಬಿದ ಕಡಲೆ! "ಕಾಳು ಅಂದ್ಮೇಲೆ ನೆನೆಸ್ಬೇಡ್ವೇನೇ? ಬೇಯೋದು ಹ್ಯಾಗೆ?" ಎಂದು ನನ್ನನ್ನೇ ಗದರಿದರು. ಬೇರೆ ತರಲು ಹೊತ್ತಿರಲಿಲ್ಲ. ಒದ್ದೆ ಕಾಳಿನಲ್ಲೇ ಪ್ರಜಾಪ್ರಭುತ್ವ ನಡೆಯಲಿ ಎಂದರು ಅಂಕಲ್.

ಕ್ಲಬ್‌ಹೌಸು ಕಿಕ್ಕಿರಿದಿತ್ತು. ಬಿಳಿ ಪಂಚೆ ಹೊದ್ದ ಅಂಕಲ್ ಸೆರೆಮನೆಯಲ್ಲಿ ಕೂತು, ಗಿರೀಶ ಅಂಗಲಾಚುವಾಗ ಅವನ ತಲೆ ಸವರಿದ್ದು ಅಭ್ಯಾಸದಲ್ಲಿ ಇರಲಿಲ್ಲ. ಗಿರೀಶನಿಗೆ ಮುಂದಿನ ಮಾತು ಮರೆತೇಹೋಯಿತು. ನಾನು ಎದ್ದು ನಿಂತೆ, ಹೇಳಬೇಕಾದ್ದನ್ನೆಲ್ಲ ಹೇಳಿದೆ. ಮೇಲೆ ವಿಮಾನವೊಂದು ಹೋಗಿ ಮುಗಿಯುವವರೆಗೆ ಕಾದು, "ಉಳಿದದ್ದೇ ನಿನ್ನ ಒಪ್ಪಿಗೆ" ಎಂದೆ. ಆಗ ರವಿ ಸಭೆಯ ನಡುವಿನಿಂದ ಎದ್ದ. ಅವನಿಗೆ ನಟನೆ ಬರುವುದಿಲ್ಲ, ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವ ದನಿಯಲ್ಲೇ ಕೇಳಿದ.

"ನಾನೂ ಉಳಿದೆ ತಾಯಿ. ನಾನು ಈ ಊರಿನ ಒಕ್ಕಲು. ಬರುವಾಗ ಕೇಳಿದಿರಿ, ಹೋಗು ಎನ್ನುವಾಗ ಕೇಳುತ್ತಿಲ್ಲ. ನನ್ನ ಒಪ್ಪಿಗೆಗೆ ಬೆಲೆಯಿಲ್ಲದ ಮೇಲೆ ನಿಮಗೆ ನಾನೇಕೆ ನಿಜ ಹೇಳಬೇಕು?"

ಕೊನೆಯ ಮಾತು ಬರೆದಿರಲಿಲ್ಲ, ಅವನೇ ಸೇರಿಸಿದ್ದು. ನನ್ನ ಉತ್ತರವೂ ಬರೆದಿರಲಿಲ್ಲ. ಮುಂದಿನ ಸಾಲಿನಲ್ಲಿ ಇಂಚರ ನನ್ನನ್ನೇ ನೋಡುತ್ತಿದ್ದಳು. ಏನು ಹೇಳಿದೆನೋ ಅದು ಆ ಗಳಿಗೆಯಲ್ಲಿ ಬಂದದ್ದು.

"ನಿನ್ನನ್ನು ಕೇಳದೇ ಇದ್ದದ್ದು ನಮ್ಮ ತಪ್ಪು. ಆದರೆ ಅದು ತಪ್ಪು ಎಂದು ಹೇಳಬೇಕಾದ ಬಾಯಿ ನಿನ್ನದೇ. ಅದನ್ನು ಸುಳ್ಳಿಗೆ ಕೊಟ್ಟುಬಿಟ್ಟರೆ ನಮಗೆ ಹೇಳುವವರು ಯಾರು ಉಳಿಯುತ್ತಾರೆ?"

ನನ್ನ ಮನಸ್ಸು ಏನೆಂದು ನನಗೂ ಆಗಲೇ ತಿಳಿದದ್ದು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಎದೆ ಹಗುರಾಗಿ, ಜೋರಾಗಿ ನಗಬೇಕು ಅನ್ನಿಸಿತು.

ಮತದಾನ ಶುರುವಾಯಿತು. ಆ ಸಾಲನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೊದಮೊದಲು ಕಿಲಕಿಲ, ಒದ್ದೆ ಕಾಳಿನ ತಮಾಷೆ. ಹತ್ತಿರ ಬರುತ್ತಾ ಬರುತ್ತಾ ಒಬ್ಬೊಬ್ಬರೂ ಗಂಭೀರರಾದರು. ಹತ್ತು ಹದಿನೈದು ವರ್ಷದಿಂದ ಅಲ್ಲಿದ್ದೂ ಯಾವ ಚುನಾವಣೆಯಲ್ಲೂ ಮತ ಹಾಕದವರು, ಮುಷ್ಟಿ ಬಿಗಿಹಿಡಿದು, ಪಾತ್ರೆಯ ಬಾಯಿಗೆ ಕೈ ಅಡ್ಡ ಇಟ್ಟು, ಮೆಲ್ಲಗೆ ಕಾಳು ಬಿಟ್ಟರು. ಗಿರೀಶ ಕಾಳು ಹಾಕಿ ಈಚೆ ಬಂದವನು, "ಇದು ನನ್ನ ಫಸ್ಟ್ ವೋಟು ಕಣ್ರೀ, ಈ ದೇಶದಲ್ಲಿ" ಎಂದು ಎಲ್ಲರಿಗೂ ಹೇಳುತ್ತಾ ತಿರುಗಿದ. ನಾನೂ ಸಾಲಿಗೆ ಸೇರಲು ಹೋದರೆ ಅಂಕಲ್ ತಡೆದರು. "ಕಾನೂನಿಗೆ ಓಟಿಲ್ಲಮ್ಮ." ಅಲ್ಲಿಯೂ ಇಲ್ಲವಾಯಿತು ನನಗೆ!

ಆಮೇಲೆ ಅಂಕಲ್ ಭಾಷಣಕ್ಕೆ ನಿಂತರು. ಭಾಷಣ ನ್ಯಾಯದಿಂದ ನಾಗರಿಕತೆಗೆ, ಅಲ್ಲಿಂದ ಮೈಸೂರಿನ ಪುರಭವನಕ್ಕೆ ಹೋಗಿ ಇನ್ನೇನು ವಾಪಸು ಬರಬೇಕು, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಯಾರೂ ಗಮನಿಸಲಿಲ್ಲ. ಮತ್ತೆ ಕೂಗಿತು. ಎಣಿಸೋಣ, ಪಾತ್ರೆ ತನ್ನಿ ಅಂದರು ಅಂಕಲ್. ಮೇಜಿನ ಮೇಲೆ ಪಾತ್ರೆಗಳಿರಲಿಲ್ಲ.

"ಜಯಾ! ಓಟುಗಳೆಲ್ಲಿ?"

"ಬೇಯ್ತಾ ಇದೆ" ಎಂದರು ಆಂಟಿ ಒಳಗಿನಿಂದ. "ನಾಟಕ ಮುಗೀತಲ್ಲ. ಜನಕ್ಕೆ ಹೊಟ್ಟೆಗೆ ಬೇಡ್ವಾ? ನಾಲ್ಕು ನೀರಲ್ಲಿ ತೊಳ್ದಿದ್ದೀನಿ."

"ಎರಡು ಪಾತ್ರೆಲಿ ಯಾವುದನ್ನ ಹಾಕ್ದೆ?"

"ಎರಡೂ. ಡಬರೀಲಿ ಉಳ್ದಿದ್ದ ಕಾಳೂ ಸೇರ್ಸಿದ್ದೀನಿ. ಒಂದೇ ಪಾತ್ರೇದು ಇಷ್ಟು ಜನಕ್ಕೆ ಎಲ್ಲಿ ಸಾಲತ್ತೆ?"

ಹಾಕಿದ ಕಾಳು, ಬಿಟ್ಟ ಕಾಳು ಎರಡೂ ಸೇರಿದರೆ ಕಪ್ಪು ಬಿಳುಪು ಸರಿಸಮ, ಅದರ ಮೇಲೆ ಡಬರಿಯ ಕಾಳು ಬೇರೆ. ಎಣಿಸಿ ಏನು ಪ್ರಯೋಜನ? ಇದು ತಲೆಗೆ ಹೋಗಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕವರು ಅಂಕಲ್. ಆಮೇಲೆ ಇಡೀ ಹಾಲ್. ಒಗ್ಗರಣೆಯ ಇಂಗು, ಕಾಯಿತುರಿ, ನಿಂಬೆಹುಳಿ ಬಿದ್ದು ತೀರ್ಪು ತಟ್ಟೆಯಲ್ಲಿ ಬಂತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

ತಟ್ಟೆ ಹಿಡಿದುಕೊಂಡೇ ಗಿರೀಶನ ಹತ್ತಿರ ಹೋದೆ. "ಥ್ಯಾಂಕ್ಸ್ ಗಿರೀಶ್. ಬೇಡ. ನಾವು ಹೊರಡ್ತೀವಿ."

"ಗೊತ್ತಾಯ್ತು, ನೀವು ಉತ್ತರ ಹೇಳ್ದಾಗ್ಲೇ" ಅಂದ. ನಮ್ಮ ಸೋಫಾ ಮಾರಿಕೊಟ್ಟವನು, ಏರ್‌ಪೋರ್ಟಿಗೆ ಬಿಟ್ಟು ಅತ್ತವನು ಅವನೇ.

ಮೈಸೂರಿನಲ್ಲಿ ಒಂದೂವರೆ ವರ್ಷ ಇದ್ದೆವು. ಇಂಚರ ಮೊದಲು ಮುನಿದಳು, ಆಮೇಲೆ ಶಾಲೆಯಲ್ಲಿ ಕಬಡ್ಡಿ ಕಲಿತಳು, ಬೈಗುಳ ಸಮೇತ ಕನ್ನಡ ಕಲಿತಳು. ಮತ್ತೆ ವರ್ಜೀನಿಯಾದ ಕಂಪನಿಯೊಂದು ನನ್ನನ್ನು ಕರೆಸಿಕೊಂಡಿತು. ಈಗ ಆಲ್ಡಿಯಲ್ಲಿ ಮನೆ ಕೊಂಡಿದ್ದೇವೆ. ವೀಸಾ ಅದೇ, ಸಾಲು ಅದೇ. ಅಥೆನ್ಸ್‌ನ ಒಕ್ಕಲಿನವನಿಗೆ ಮನೆ ಕೊಳ್ಳುವ ಹಕ್ಕಿರಲಿಲ್ಲ, ನನಗಿದೆ. ಅಷ್ಟರಮಟ್ಟಿಗೆ ಜಗತ್ತು ಮುಂದೆ ಬಂದಿದೆ.

ಮನೆ ಒಕ್ಕಲಿಗೆ ಅಂಕಲ್, ಆಂಟಿ ಮಾರಿಸ್‌ವಿಲ್‌ನಿಂದ ಹಿಂದಿನ ದಿನವೇ ಬಂದಿದ್ದರು. ಮುಚ್ಚಳ ಹಿಡಿದು ನಿಂತಿದ್ದ ನನ್ನನ್ನು ನೋಡಿ ಅಂಕಲ್‌ಗೂ ಅದೇ ನೆನಪಾಯಿತು ಅಂತ ಕಾಣುತ್ತದೆ. "ಆವತ್ತು ಗೆದ್ದೋರು ಯಾರು ಅಂತ ಇವತ್ತಿಗೂ ನಿದ್ದೆ ಬರಲ್ಲ ನಂಗೆ" ಅಂದರು.

"ನಾನು ಕಪ್ಪು ಹಾಕಿದ್ದೆ" ಎಂದಳು ಇಂಚರ, ಹಸಿರು ತೋರಣ ಕಟ್ಟುತ್ತಾ. ಈಗವಳು ನನ್ನ ಎತ್ತರ. "ಐ ನ್ಯೂ ಎವ್ರಿಥಿಂಗ್, ಅಮ್ಮ. ಮೆಟ್ಟಿಲ ಮೇಲೆ ಎಲ್ಲಾ ಕೇಳಿಸ್ಕೊಂಡಿದ್ದೆ. ನಾಟಕದ ಅಜ್ಜ ಓಡಿಹೋಗ್ಲಿ ಅಂತಲ್ಲ. ನೀವು ಇಲ್ಲೇ ಇರ್ಬೇಕು ಅಂತ."

ನಮ್ಮ ಮನೆಯ ಒಬ್ಬಳೇ ಪ್ರಜೆ, ಅವಳ ಮೊದಲ ಮತ. ಅದನ್ನು ನಾವೆಲ್ಲ ನಿಂಬೆಹುಳಿ ಹಿಂಡಿಕೊಂಡು ತಿಂದಿದ್ದೆವು. "ಈಗ ಹಾಕು ಅಂದ್ರೆ ಯಾವ್ದು ಹಾಕ್ತೀಯಾ?" ಎಂದೆ.

ಅವಳು ತೋರಣ ಬಿಟ್ಟು ಬಂದು, ಪಾತ್ರೆಗೆ ಕೈಹಾಕಿ, ಒಂದು ಕಪ್ಪು ಒಂದು ಬಿಳಿ ಆರಿಸಿ ನನ್ನ ಅಂಗೈಯಲ್ಲಿಟ್ಟಳು. "ನನ್ದು ಆಮೇಲೆ. ಆವತ್ತು ನಿಂಗೆ ಹಾಕೋಕೆ ಬಿಡ್ಲಿಲ್ಲ. ಒಕ್ಕಲು ಫಸ್ಟ್."

ನಾನು ಬಿಳಿಯದನ್ನು 'ಟಪ್' ಎಂದು ಪಾತ್ರೆಗೆ ಹಾಕಿದೆ. ಕಪ್ಪನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಜಯಾ ಆಂಟಿ ಬಂದು, ಹಸಿ ಕಾಳು ತಿಂದರೆ ಹೊಟ್ಟೆ ನೋವು ಬರುತ್ತದೆ ಎಂದು ಬೈದು, ಪಾತ್ರೆ ಎತ್ತಿಕೊಂಡು ಕುಕ್ಕರ್ ಕಡೆಗೆ ಹೋದರು.